ಪದಚರ್ಚೆ: ‘ಹೈಬ್ರಿಡ್’ ಕೆಲಸ, ‘ಕೊಲಾಬರೇಷನ್’ – ಒಂದು ಕೈಪಿಡಿಗಾಗಿ ಪದಗಳನ್ನು ಕೇಳುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಾನಿರುವ ಸಂಸ್ಥೆಯಲ್ಲಿ ಗ್ರಾಹಕರ ಕರೆಗಳಿಗೆ ಕನ್ನಡದಲ್ಲಿ ಉತ್ತರಿಸುವವರು ಬಹುಪಾಲು ಈ ಸೀಮೆಯವರೇ. ಹರಿಹರ, ಜಗಳೂರು, ಹೊಳಲ್ಕೆರೆ, ಹಿರಿಯೂರು ಎಂದು ಹರಡಿಕೊಂಡಿದ್ದಾರೆ. ಕೆಲವರು ಪೂರ್ತಿ ಮನೆಯಲ್ಲೇ ಕೆಲಸ ಮಾಡುತ್ತಾರೆ, ಕೆಲವರು ವಾರದಲ್ಲಿ ಎರಡು ಮೂರು ದಿನ ಇಲ್ಲಿನ ಕಚೇರಿಗೆ ಬರುತ್ತಾರೆ, ಮೇಲ್ವಿಚಾರಕರು ಬೆಂಗಳೂರಿನಲ್ಲಿದ್ದಾರೆ. ಹೀಗೆ ಚದುರಿ ಕುಳಿತವರು ಒಂದು ತಂಡವಾಗಿ ದುಡಿಯುವುದು ಹೇಗೆ ಎಂಬುದನ್ನು ಹೇಳುವ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುವ ಹೊಣೆ ನನಗೆ ಬಂದಿದೆ. ಬೆಂಗಳೂರಿನಿಂದ ಬಂದ ಮೊದಲ ಕರಡು ಇಂಗ್ಲಿಷಿನಿಂದ ಸಾಲಿಗೆ ಸಾಲು ಇಳಿಸಿದ್ದು. ಅದರ ಪದಗಳನ್ನು ಒಂದೊಂದಾಗಿ ಹಿಡಿದು ನೋಡಿದಾಗ ಎದ್ದ ಅನುಮಾನಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ಕೊಲಾಬರೇಷನ್’, ಅಂದರೆ ಜೊತೆಗೂಡಿ ಕೆಲಸ ಮಾಡುವುದು. ಕರಡಿನಲ್ಲಿ ‘ಸಹೋದ್ಯೋಗಿಗಳೊಂದಿಗೆ ಸದಾ ಸಹಕರಿಸಿ’ ಎಂಬ ಸಾಲಿತ್ತು. ಜಗಳೂರು ಕಡೆಯ ಸಹೋದ್ಯೋಗಿಯೊಬ್ಬರು ಅದನ್ನು ಓದಿ, ‘ಅಂದರೆ ಅವರು ಏನು ಮಾಡಿದರೂ ನಾವು ಸುಮ್ಮನಿರಬೇಕೇ?’ ಎಂದು ಕೇಳಿದರು. ಅವರು ಓದಿದ್ದು ಸರಿಯಾಗಿಯೇ ಇದೆ. ನಮ್ಮ ಊರಿನ ಪತ್ರಿಕೆಗಳಲ್ಲಿ ಬೆಸ್ಕಾಂ ಪ್ರಕಟಣೆ ವಾರಕ್ಕೊಮ್ಮೆಯಾದರೂ ಇರುತ್ತದೆ: ತುರ್ತು ಕಾಮಗಾರಿ ಇರುವುದರಿಂದ ವಿದ್ಯುತ್ ವ್ಯತ್ಯಯವಾಗಲಿದೆ, ಗ್ರಾಹಕರು ಸಹಕರಿಸಬೇಕು. ಅಲ್ಲಿ ಸಹಕರಿಸುವುದೆಂದರೆ ಫ್ಯಾನು ನಿಂತ ಮೇಲೆ ಬೆವರು ಒರೆಸಿಕೊಂಡು ಕೂರುವುದು. ರಸ್ತೆ ಅಗೆದ ಕಡೆ ನಿಲ್ಲಿಸುವ ಫಲಕದಲ್ಲಿಯೂ ಅದೇ ಅರ್ಥ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದಾಗ ಈ ಪದದೊಳಗೆ ಕೈಯಿಂದ ಹಣ ಹಾಕುವವರಿದ್ದರು, ಒಬ್ಬರ ಸಾಲಕ್ಕೆ ಇನ್ನೊಬ್ಬರು ನಿಲ್ಲುವುದಿತ್ತು. ಈಗ ನಾಮಪದವಾದ ‘ಸಹಕಾರ’ ಡೇರಿಗೆ, ಪತ್ತಿನ ಸಂಘಕ್ಕೆ, ಬ್ಯಾಂಕಿಗೆ ಮೀಸಲಾಗಿದೆ. ಕ್ರಿಯಾಪದವಾದ ‘ಸಹಕರಿಸು’ ಸಹಿಸಿಕೊಳ್ಳುವುದರ ಪಕ್ಕಕ್ಕೆ ಬಂದು ನಿಂತಿದೆ. ಜೊತೆಯವರ ತಪ್ಪನ್ನು ಎತ್ತಿ ಹೇಳಬೇಕು, ಬೇಕಾದದ್ದನ್ನು ಕೇಳಿ ಪಡೆಯಬೇಕು ಎಂದು ಕಲಿಸಬೇಕಾದ ಕೈಪಿಡಿಯಲ್ಲಿ ಈ ಪದ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಸಹಯೋಗ’ ಎಂದರೆ ಆಹ್ವಾನ ಪತ್ರಿಕೆಯ ಪದ. ಇಂಥ ಇಲಾಖೆಯ ಸಹಯೋಗದಲ್ಲಿ ಎಂದು ಅಚ್ಚಾದರೆ ಹಣವೋ ಹೆಸರೋ ಅಲ್ಲಿಂದ ಬಂದಿದೆ ಎಂದು ತಿಳಿಯುತ್ತೇವೆ, ಕುರ್ಚಿ ಹಾಕಿದವರು ಯಾರು ಎಂದು ಅದು ಹೇಳುವುದಿಲ್ಲ. ‘ಸಹಭಾಗಿತ್ವ’ ಗುತ್ತಿಗೆಯ ಮಾತು. ‘ಸಮನ್ವಯ’ ಅಧಿಕಾರಿಗಳ ಸಭೆಯದು.

ಇವುಗಳನ್ನೆಲ್ಲ ಪಕ್ಕಕ್ಕಿಟ್ಟು ನೋಡಿದಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ‘ಮುಯ್ಯಿ’. ಹೊಳಲ್ಕೆರೆ ತಾಲ್ಲೂಕಿನ ನಮ್ಮ ತಾಯಿಯ ಊರಿನಲ್ಲಿ ಕಳೆ ತೆಗೆಯುವ, ಶೇಂಗಾ ಬಿಡಿಸುವ ದಿನಗಳಲ್ಲಿ ಹೆಣ್ಣುಮಕ್ಕಳು ಮುಯ್ಯಾಳಾಗಿ ಹೋಗುತ್ತಿದ್ದುದನ್ನು ನೋಡಿದ್ದೇನೆ. ಈ ದಿನ ನಿಮ್ಮ ಹೊಲ, ನಾಳೆ ನಮ್ಮ ಹೊಲ. ಲೆಕ್ಕ ಆಳಿಗೆ ಆಳು, ದಿನಕ್ಕೆ ದಿನ. ನನ್ನ ಹೊಲ ದೊಡ್ಡದು, ನಿನ್ನದು ಚಿಕ್ಕದು ಎಂಬ ಮಾತು ಅಲ್ಲಿಲ್ಲ. ಹೋಗಲಾಗದಿದ್ದರೆ ಮನೆಯ ಇನ್ನೊಬ್ಬರನ್ನು ಕಳುಹಿಸಬೇಕು. ‘ಅವರದೊಂದು ಮುಯ್ಯಿ ಇದೆ’ ಎಂದರೆ ಅದು ಹಣ ಕೊಟ್ಟು ತೀರಿಸುವ ಬಾಕಿಯಲ್ಲ, ಬೆನ್ನು ಬಗ್ಗಿಸಿಯೇ ತೀರಿಸಬೇಕಾದದ್ದು. ನಮ್ಮ ತಂಡದಲ್ಲಿ ನಡೆಯುವುದೂ ಇದೇ. ಒಬ್ಬರು ಬರೆದ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಾರೆ, ಅವರದನ್ನು ಇವರು ತಿದ್ದುತ್ತಾರೆ. ಒಬ್ಬರ ಮನೆಯಲ್ಲಿ ಕರೆಂಟು ಹೋದಾಗ ಅವರ ಕರೆಗಳನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಕಚೇರಿಯಲ್ಲಿ ಅಕ್ಕಪಕ್ಕ ಕುಳಿತಾಗ ಯಾರು ಯಾರಿಗೆ ನೆರವಾದರು ಎಂಬುದು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಮನೆಯಿಂದ ಮಾಡುವಾಗ ಅದು ಯಾರಿಗೂ ಕಾಣುವುದಿಲ್ಲ. ಕಾಣದ ಋಣಕ್ಕೆ ಒಂದು ಹೆಸರು ಇರಬೇಕು ಎಂಬ ಕಾರಣಕ್ಕೇ ನನಗೆ ಈ ಪದದ ಮೇಲೆ ಮನಸ್ಸು.

ಆದರೆ ತೊಡಕುಗಳಿವೆ. ‘ಮುಯ್ಯಿ’ಗೆ ಮದುವೆ ಮನೆಯ ಉಡುಗೊರೆ ಎಂಬ ಅರ್ಥವೂ ಇದೆ, ಸೇಡು ಎಂಬ ಅರ್ಥವೂ ಇದೆ. ‘ಮುಯ್ಯಿಗೆ ಮುಯ್ಯಿ’ ಎಂದೊಡನೆ ಪೇಟೆಯ ಓದುಗರಿಗೆ ಹಗೆತನವೇ ಹೊಳೆಯುತ್ತದೆ. ‘ಮುಯ್ಯಿ ತೀರಿಸು’ ಮತ್ತು ‘ಮುಯ್ಯಿ ತೀರಿಸಿಕೊಳ್ಳು’ ಎಂಬ ಎರಡರ ನಡುವೆ ನಾನು ಕೇಳಿದ ಮಟ್ಟಿಗೆ ಸ್ಪಷ್ಟ ವ್ಯತ್ಯಾಸವಿದೆ. ಮೊದಲನೆಯದು ಬಹುಮಟ್ಟಿಗೆ ಋಣ, ಎರಡನೆಯದು ಬಹುಮಟ್ಟಿಗೆ ಸೇಡು. ‘ಕೊಳ್ಳು’ ಎಂಬ ಒಂದು ಸಹಾಯಕ ಕ್ರಿಯಾಪದ ಇಷ್ಟು ದೊಡ್ಡ ತಿರುವು ಕೊಡುತ್ತದೆಯೇ ಎಂಬುದನ್ನು ವ್ಯಾಕರಣ ಬಲ್ಲವರು ಹೇಳಬೇಕು. ಇನ್ನೂ ಒಂದು ತೊಡಕು: ಮುಯ್ಯಿ ಸರಿಸಮಾನರ ನಡುವಿನದು. ಮೇಲ್ವಿಚಾರಕರು ಹಂಚಿದ ಕೆಲಸಕ್ಕೆ ಅದನ್ನು ಹಚ್ಚಲು ಬರುವುದಿಲ್ಲ. ಆದ್ದರಿಂದ ಇಡೀ ‘ಕೊಲಾಬರೇಷನ್’ಗೆ ಅದನ್ನು ಹೊರಿಸದೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿಕೊಡುವ ಭಾಗಕ್ಕೆ ಮಾತ್ರ ‘ಮುಯ್ಯಿ ನೋಟ’ ಎಂದು ಇಡಬಹುದೇ? ಉಳಿದದ್ದಕ್ಕೆ ‘ಕೂಡಿ ಮಾಡುವುದು’ ಎಂಬ ಸಾದಾ ಕ್ರಿಯಾಪದ ಸಾಕು ಎನಿಸುತ್ತದೆ. ‘ಗುಂಪು’ ಎಂಬುದನ್ನು ‘ತಂಡ’ಕ್ಕೆ ಬದಲಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಗುಂಪುಗಾರಿಕೆಯ ನೆರಳು ಅದರ ಮೇಲಿದೆ, ಜೊತೆಗೆ ಈಗ ವಾಟ್ಸ್‌ಆ್ಯಪ್ ಅದನ್ನು ತನ್ನದಾಗಿಸಿಕೊಂಡಿದೆ.

ಎರಡನೆಯದು ‘ಹೈಬ್ರಿಡ್’, ಅಂದರೆ ಕೆಲವು ದಿನ ಕಚೇರಿಯಲ್ಲಿ, ಕೆಲವು ದಿನ ಮನೆಯಲ್ಲಿ ಕೆಲಸ ಮಾಡುವ ರೀತಿ. ಬೆಂಗಳೂರಿನ ಓದುಗರಿಗೆ ಇದು ಕಾರಿನ ಅಥವಾ ಕಚೇರಿಯ ಪದವಾಗಿರಬಹುದು, ನಮ್ಮಲ್ಲಿ ಇದು ಬೀಜದ ಪದ. 1972ರಲ್ಲಿ ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಡಾ. ಬಿ.ಎಚ್. ಕಟರ್ಕಿ ಅವರ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಬಂದ ಮೇಲೆ, ಮೆಕ್ಕೆಜೋಳದ ಹೈಬ್ರಿಡ್ ಬೀಜಗಳೂ ಬಂದ ಮೇಲೆ, ಹೈಬ್ರಿಡ್ ಎಂಬುದು ಹಳ್ಳಿ ಹಳ್ಳಿಯ ಮಾತಾಯಿತು. ಅದರ ಎದುರಿಗೆ ನಿಲ್ಲುವುದು ‘ಜವಾರಿ’, ಚಿತ್ರದುರ್ಗದ ದಕ್ಷಿಣಕ್ಕೆ ಹೋದಂತೆ ‘ನಾಟಿ’. ಇಳುವರಿ ಹೆಚ್ಚು, ರುಚಿ ಕಡಿಮೆ, ಮರುವರ್ಷ ಬೀಜಕ್ಕೆ ಬರುವುದಿಲ್ಲ: ಹೈಬ್ರಿಡ್ ಎಂದೊಡನೆ ಸಂತೆಯಲ್ಲಿ ಮೂಡುವ ಅರ್ಥ ಇದು. ಪತ್ರಿಕೆಗಳು ಬಳಸುವ ‘ಮಿಶ್ರ ಮಾದರಿ’ ಅರ್ಥವಾಗುತ್ತದೆ, ಆದರೆ ಯಾವುದು ಯಾವುದರೊಡನೆ ಮಿಶ್ರವಾಯಿತು ಎಂಬುದು ತಿಳಿಯುವುದಿಲ್ಲ. ‘ಬೆರಕೆ’ ಎಂದರೆ ಸೊಪ್ಪಿಗೆ ಒಪ್ಪುತ್ತದೆ, ಬೇರೆಲ್ಲ ಕಡೆ ಕಲಬೆರಕೆಯನ್ನು ನೆನಪಿಸುತ್ತದೆ. ‘ಸಂಕರ’ವನ್ನು ನೌಕರರ ಮೇಲೆ ಪ್ರಯೋಗಿಸುವುದು ಸಲ್ಲದು.

ನಿಜಕ್ಕೂ ಇಲ್ಲಿ ಮಿಶ್ರಣವೇ ಆಗುತ್ತಿಲ್ಲ ಎಂಬುದನ್ನು ಗಮನಿಸಬೇಕು. ಮಂಗಳವಾರ ಪೂರ್ತಿ ಕಚೇರಿ, ಬುಧವಾರ ಪೂರ್ತಿ ಮನೆ. ಎರಡೂ ತಮ್ಮ ತಮ್ಮ ಸಾಲಿನಲ್ಲೇ ಇರುತ್ತವೆ. ಚಿತ್ರದುರ್ಗದ ಕೆಂಪು ನೆಲದ ಬೇಸಾಯಗಾರರು ಶೇಂಗಾದ ಕೆಲವು ಸಾಲಿಗೆ ಒಂದು ಸಾಲು ತೊಗರಿ ಬಿತ್ತುವುದನ್ನು ‘ಅಕ್ಕಡಿ’ ಎನ್ನುತ್ತಾರಲ್ಲ, ಅದರ ಹಾಗೆ. ಬೀಜ ಬೆರೆಸಿ ಎರಚುವುದಿಲ್ಲ, ಸಾಲು ಹಿಡಿದು ಹಾಕುತ್ತಾರೆ. ಮಳೆ ಕೈಕೊಟ್ಟು ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ‘ಅಕ್ಕಡಿ ಪದ್ಧತಿ’ ಎಂದು ಕೈಪಿಡಿಯಲ್ಲಿ ಬರೆದರೆ ಹಿರಿಯೂರಿನವರಿಗೆ ಒಂದೇ ಏಟಿಗೆ ತಿಳಿಯುತ್ತದೆ ಎಂಬ ಧೈರ್ಯ ನನಗಿದೆ. ಬೇಸಾಯ ಕಾಣದೆ ಬೆಳೆದ ಹುಡುಗರಿಗೆ ಒಂದು ಸಾಲಿನ ವಿವರಣೆ ಕೊಡಬೇಕಾಗಬಹುದು. ‘ಹೈಬ್ರಿಡ್’ ಎಂಬುದಕ್ಕೂ ಅವರಿಗೆ ವಿವರಣೆ ಕೊಟ್ಟೇ ಇದ್ದೇವೆ.

ಈ ಕಡೆಯ ಮೇಷ್ಟರುಗಳ ಮಾತಿನಲ್ಲಿ ಇನ್ನೊಂದು ಪ್ರಯೋಗವಿದೆ. ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ಜಗಳೂರಿನ ಶಾಲೆಗೆ ಹೋಗುವವರನ್ನು ‘ಓಡಾಡಿಕೊಂಡು ಕೆಲಸ ಮಾಡುತ್ತಾರೆ’ ಎನ್ನುತ್ತೇವೆ. ಮನೆಯಿಂದ ಮಾಡುವ ಕೆಲಸದ ಚರ್ಚೆ ಮೊದಲಾದದ್ದೂ ಓಡಾಟದಿಂದಲೇ: ಅಮೆರಿಕದ ಜ್ಯಾಕ್ ನಿಲ್ಸ್ 1973ರಲ್ಲಿ ‘ಟೆಲಿಕಮ್ಯೂಟಿಂಗ್’ ಎಂಬ ಪದ ಕಟ್ಟಿದಾಗ ದಿನದಿನದ ಓಡಾಟವನ್ನು ತಪ್ಪಿಸುವ ಯೋಚನೆ ಅವರ ತಲೆಯಲ್ಲಿತ್ತು. ಬೆಂಗಳೂರಿಗೆ ವಾರಕ್ಕೆರಡು ದಿನ ಹೋಗಿ ಬರುವವರಿಗೆ ‘ಓಡಾಟದ ಕೆಲಸ’ ಸರಿ, ಊರಿನ ಕಚೇರಿಗೇ ಬರುವವರಿಗೆ ಅದು ಹೊಂದುವುದಿಲ್ಲ.

ಮೂರನೆಯದು ‘ರಿಮೋಟ್’. ‘ದೂರಸ್ಥ’, ‘ದೂರಕಾರ್ಯ’ ಎಂಬ ಎರಡೂ ಕರಡಿನಲ್ಲಿವೆ. ದೂರವಾಣಿ, ದೂರಶಿಕ್ಷಣಗಳ ಸಾಲಿನಲ್ಲಿ ವ್ಯಾಕರಣದ ಪ್ರಕಾರ ತಕರಾರಿಲ್ಲ. ಆದರೆ ದೂರ ಎಂದರೆ ಯಾರಿಂದ? ಹೊಳಲ್ಕೆರೆಯ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತ ಹೆಣ್ಣುಮಗಳು ದೂರದಲ್ಲಿಲ್ಲ, ಬೆಂಗಳೂರು ದೂರದಲ್ಲಿದೆ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರು ತಲೆಮಾರುಗಳಿಂದ ಮನೆಯಲ್ಲಿಯೇ ಮಗ್ಗ ಇಟ್ಟುಕೊಂಡು ನೇಯುತ್ತಿದ್ದಾರೆ, ಅವರನ್ನು ಯಾರೂ ದೂರಸ್ಥ ನೇಕಾರರು ಎಂದಿಲ್ಲ. ‘ಮಗ್ಗಕ್ಕೆ ಕುಳಿತಿದ್ದಾರೆ’ ಎನ್ನುತ್ತಾರೆ, ಅಷ್ಟೇ. ಹಾಗೆಂದು ‘ಮನೆಕೆಲಸ’ ಎನ್ನುವಂತಿಲ್ಲ. ಆ ಪದದೊಳಗೆ ಕಸ, ಮುಸುರೆ, ಅಡುಗೆ ಎಲ್ಲ ಇವೆ. ಅವೆಲ್ಲವನ್ನೂ ಮುಗಿಸಿ ಹೆಡ್‌ಫೋನ್ ಹಾಕಿಕೊಳ್ಳುವ ಹೆಣ್ಣುಮಕ್ಕಳೇ ನಮ್ಮ ತಂಡದಲ್ಲಿ ಹೆಚ್ಚು. ಅವರ ಎರಡು ದುಡಿಮೆಗಳನ್ನು ಒಂದೇ ಪದದಲ್ಲಿ ಮುಚ್ಚಿಬಿಡುವುದು ಅನ್ಯಾಯ. 2020ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ನಮ್ಮಂಥ ಸೇವಾ ಸಂಸ್ಥೆಗಳ ನಿಯಮಗಳನ್ನು ಸಡಿಲಿಸಿದಾಗ ಮನೆಯಿಂದ ಮಾತ್ರವಲ್ಲ, ಎಲ್ಲಿಂದ ಬೇಕಾದರೂ ಕೆಲಸ ಮಾಡಲು ಅವಕಾಶ ಕೊಟ್ಟಿತು. ‘ಇದ್ದಲ್ಲಿಂದಲೇ ಕೆಲಸ’ ಎಂದರೆ ಎರಡೂ ಅಡಕವಾಗುತ್ತವೆ. ‘ಇದ್ದಲ್ಲಿಂದ’ ಎಂಬುದು ಕೆಲಸಗಾರರ ನೆಲೆಯಿಂದ ಹೇಳಿದ ಮಾತು ಎಂಬುದೇ ನನಗೆ ಮುಖ್ಯ.

ಇನ್ನು ‘ಅಸಿಂಕ್ರೊನಸ್’, ಅಂದರೆ ಒಬ್ಬರು ಈಗ ಹೇಳಿದ್ದನ್ನು ಇನ್ನೊಬ್ಬರು ತಮಗೆ ಬಿಡುವಾದಾಗ ನೋಡಿ ಉತ್ತರಿಸುವ ರೀತಿ. ಕರಡಿನಲ್ಲಿ ‘ಅಸಮಕಾಲಿಕ ಸಂವಹನ’ ಎಂದಿದೆ. ‘ಸಮಕಾಲೀನ’ ಎಂಬ ಪದ ಸಾಹಿತ್ಯ ಚರಿತ್ರೆಯಲ್ಲಿ ನೆಲೆ ನಿಂತಿರುವುದರಿಂದ ಇದನ್ನು ಓದಿದವರಿಗೆ ಎರಡು ಶತಮಾನಗಳ ನಡುವಿನ ಮಾತುಕತೆ ಎನಿಸೀತು. ಕನ್ನಡಕ್ಕೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ: ‘ಇಡು’. ಬರೆದಿಡು, ಹೇಳಿಡು, ಮಾಡಿಡು, ತೆಗೆದಿಡು. ಈಗ ಮಾಡಿದ್ದು ಮುಂದೆ ಬರುವ ಇನ್ನೊಬ್ಬರಿಗೆ ಒದಗಲಿ ಎಂಬ ಅರ್ಥ ಆ ಎರಡು ಅಕ್ಷರಗಳಲ್ಲಿದೆ. ಎದುರುಬದುರಾಗಿ ನಡೆಯಬೇಕಾದದ್ದಕ್ಕೆ ‘ಕೂತು ಮಾತನಾಡುವುದು’ ಎಂಬ ನುಡಿಗಟ್ಟು ನಮ್ಮಲ್ಲಿ ಮೊದಲಿನಿಂದಲೂ ಇದೆ, ಅದನ್ನು ವಿಡಿಯೊ ಸಭೆಗೂ ಹಿಗ್ಗಿಸಬಹುದು. ಕೈಪಿಡಿಯಲ್ಲಿ ನಾನು ಬರೆದ ಸಾಲು ಹೀಗಿದೆ: ‘ದೂರು ಹಳೆಯದಾದರೆ ಬರೆದಿಡಿ, ಗ್ರಾಹಕರು ಸಿಟ್ಟಾಗಿದ್ದರೆ ಕೂತು ಮಾತನಾಡಿ.’ ಇದನ್ನು ಓದಿದವರಲ್ಲಿ ಯಾರೂ ಅರ್ಥ ಕೇಳಲಿಲ್ಲ.

ಪಾಳಿ ಬದಲಾಗುವಾಗ ಕೆಲಸ ದಾಟಿಸುವುದಕ್ಕೆ ‘ಹಸ್ತಾಂತರ’ ಬೇಡ, ‘ಒಪ್ಪಿಸು’ ಇರಲಿ. ‘ಪಾಳಿ’ ಹತ್ತಿ ಗಿರಣಿಗಳ ದಾವಣಗೆರೆಗೆ ಹೊಸದಲ್ಲ. ‘ಒಪ್ಪಿಸು’ ಎಂಬುದರಲ್ಲಿ ‘ಒಪ್ಪು’ ಕುಳಿತಿದೆ, ಆಚೆಯವರು ಒಪ್ಪುವ ತನಕ ಈಚೆಯವರ ಹೊಣೆ ತೀರುವುದಿಲ್ಲ. ಸಂದೇಶ ಕಳುಹಿಸಿದೆ, ನನ್ನ ಕೆಲಸ ಮುಗಿಯಿತು ಎನ್ನುವವರಿಗೆ ಈ ಪದವೇ ನಿಯಮವನ್ನು ತಿಳಿಸುತ್ತದೆ.

‘ಅವೈಲಬಲ್’ ಎಂಬುದಕ್ಕೆ ಕರಡು ‘ಲಭ್ಯ’ ಎನ್ನುತ್ತದೆ. ಅಂಗಡಿಯಲ್ಲಿ ಸಿಮೆಂಟು ಲಭ್ಯವಿರುತ್ತದೆ, ಮನುಷ್ಯರು ಸಿಗುತ್ತಾರೆ. ‘ಸಾಹೇಬರು ಯಾವಾಗ ಸಿಗುತ್ತಾರೆ?’ ಎಂದು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕೇಳುವ ಮಾತನ್ನೇ ತಂದು ‘ಸಿಗುವ ಹೊತ್ತು’ ಎಂದು ಇಟ್ಟಿದ್ದೇನೆ: ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ಎಲ್ಲರೂ ಸಿಗುವ ಹೊತ್ತು, ಉಳಿದದ್ದು ಅವರವರ ಅನುಕೂಲ. ಪರದೆಯ ಮೇಲೆ ಹೆಸರಿನ ಪಕ್ಕದಲ್ಲಿ ಕಾಣುವ ಹಸಿರು ಚುಕ್ಕೆಯನ್ನು ‘ಹಾಜರಿ’ ಎನ್ನುವುದನ್ನು ಮಾತ್ರ ಬಿಟ್ಟಿದ್ದೇನೆ. ಹಾಜರಿ ಪುಸ್ತಕಕ್ಕೆ ಸಂಬಳದ ನಂಟಿದೆ. ಮಗುವಿಗೆ ಊಟ ಮಾಡಿಸಲು ಎದ್ದವರ ಚುಕ್ಕೆ ಹಳದಿಯಾದರೆ ಅದು ಗೈರುಹಾಜರಿ ಎಂದು ಯಾರ ತಲೆಗೂ ಬರಬಾರದು.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ‘ಮುಯ್ಯಿ’ ನಿಮ್ಮ ಸೀಮೆಯಲ್ಲಿ ಇಂದಿಗೂ ಕೆಲಸದ ಅರ್ಥದಲ್ಲಿ ಬಳಕೆಯಲ್ಲಿದೆಯೇ, ಇದ್ದರೆ ‘ತೀರಿಸು’, ‘ತೀರಿಸಿಕೊಳ್ಳು’ಗಳ ವ್ಯತ್ಯಾಸ ನಿಮಗೂ ಕೇಳಿಸುತ್ತದೆಯೇ? ‘ಅಕ್ಕಡಿ’ಯನ್ನು ಬೆಳೆಯ ಆಚೆಗೆ ಬೇರೆ ಯಾವುದಕ್ಕಾದರೂ ಬಳಸಿದ್ದನ್ನು ಕೇಳಿದ್ದೀರಾ? ಚಳ್ಳಕೆರೆ ಕಡೆಯ ಸದಸ್ಯರಿಗೆ ಒಂದು ವಿಶೇಷ ಕೋರಿಕೆ: ಕಂಬಳಿಯ ಕೆಲಸದಲ್ಲಿ ಉಣ್ಣೆ ನೂಲುವವರು ಒಂದು ಮನೆಯಲ್ಲಿ, ನೇಯುವವರು ಇನ್ನೊಂದು ಮನೆಯಲ್ಲಿ ಇದ್ದಾಗ ಅವರ ನಡುವಿನ ಕೊಡುಕೊಳ್ಳುವಿಕೆಗೆ, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದಕ್ಕೆ ಯಾವ ಪದಗಳನ್ನು ಬಳಸುತ್ತಾರೆ? ವಾಕ್ಯದ ಸಮೇತ ಬರೆದು ಕಳುಹಿಸಿದರೆ ಹೆಚ್ಚಿನ ಉಪಕಾರವಾಗುತ್ತದೆ.