ಸಹಾಯ ಬೇಕು: ಕ್ಯಾಮೆರಾದ ಫೋಟೋಗಳು ಕಂಪ್ಯೂಟರ್‌ಗೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಜ್ಜಿಯ 80ನೇ ಹುಟ್ಟುಹಬ್ಬದ ದಿನ ತೆಗೆದ ಸುಮಾರು 600 ಫೋಟೋಗಳು ಕ್ಯಾಮೆರಾದಲ್ಲೇ ಉಳಿದುಬಿಟ್ಟಿವೆ. ಬೇರೆ ಎಲ್ಲೂ ಕಾಪಿ ಇಲ್ಲ. ಅದಕ್ಕೇ ಇಷ್ಟು ಆತಂಕ.

ಯುಎಸ್‌ಬಿ ಕೇಬಲ್ ಹಾಕಿದರೆ ಕ್ಯಾಮೆರಾ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರ್‌ನಲ್ಲಿ ಕಾಣಿಸುವುದೇ ಇಲ್ಲ. ಪೋರ್ಟ್ ಬದಲಾಯಿಸಿದೆ. ಮೆನುವಿನಲ್ಲಿ ಯುಎಸ್‌ಬಿ ಮೋಡ್ ಅನ್ನು ಎಂಟಿಪಿಯಿಂದ (ಫೈಲ್ ಕಳಿಸುವ ಒಂದು ವಿಧಾನ) ಮಾಸ್ ಸ್ಟೋರೇಜ್‌ಗೆ (ಪೆನ್‌ಡ್ರೈವ್‌ನಂತೆ ಕಾಣಿಸುವ ವಿಧಾನ) ಹಾಕಿಯೂ ನೋಡಿದೆ. ಕ್ಯಾಮೆರಾ ಜೊತೆ ಬಂದ ಕೇಬಲ್ ಕಳೆದುಹೋಗಿದೆ, ಇದು ಫೋನ್ ಚಾರ್ಜರ್‌ನದು. ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ ಅಲ್ವಾ? ಇದೂ ಹಾಗೇ ಇರಬಹುದು.

ಆಮೇಲೆ ಕಾರ್ಡ್ ತೆಗೆದು ಹಳೆಯ ಕಾರ್ಡ್ ರೀಡರ್‌ಗೆ ಹಾಕಿದೆ. ತಕ್ಷಣ ‘ಕಾರ್ಡ್ ಫಾರ್ಮ್ಯಾಟ್ ಮಾಡಿ’ ಅಂತ ಬಂತು. ಎದೆ ಧಸಕ್ಕೆಂದಿತು. ಕ್ಯಾನ್ಸಲ್ ಮಾಡಿ, ಯಾರೂ ತಪ್ಪಿ ಅಳಿಸದಿರಲಿ ಎಂದು ಕಾರ್ಡ್‌ನ ಪಕ್ಕದ ಲಾಕ್ ಸರಿಸಿಟ್ಟೆ. ಮತ್ತೆ ಕ್ಯಾಮೆರಾಗೆ ಹಾಕಿದರೆ ಫೋಟೋಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ಕಾರ್ಡ್ 64 ಜಿಬಿಯ ಎಸ್‌ಡಿಎಕ್ಸ್‌ಸಿ, ಅಂದರೆ 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳ ಬಗೆ. ರೀಡರ್ ಮೇಲೆ ಎಸ್‌ಡಿಎಚ್‌ಸಿ ಅಂತಷ್ಟೇ ಇದೆ, ಅಂದರೆ 32 ಜಿಬಿವರೆಗೆ ಮಾತ್ರ.

ಹಾಗಾದರೆ ತಪ್ಪು ರೀಡರ್‌ನದೇ, ಹೊಸದು ತಂದರೆ ಸಾಕಾ? ಅಥವಾ ಕಾರ್ಡೇ ಕೆಡುತ್ತಿರುವ ಲಕ್ಷಣವಾ? ಕ್ಯಾಮೆರಾದ ವೈಫೈ ಮೂಲಕ ಮೊದಲು ಫೋನ್‌ಗೆ ಇಳಿಸಿಕೊಂಡರೆ ಪೂರ್ತಿ ಸೈಜ್‌ನಲ್ಲಿ ಬರುತ್ತವೆಯೇ, ಇಲ್ಲ ಚಿಕ್ಕದಾಗುತ್ತವೆಯೇ? ರಿಕವರಿ ಸಾಫ್ಟ್‌ವೇರ್ ಯಾವುದನ್ನೂ ಸುಮ್ನೆ ಓಡಿಸಿಲ್ಲ. ಆ ಕಾರ್ಡ್‌ನಲ್ಲಿ ಹೊಸ ಫೋಟೋ ತೆಗೆಯುವುದನ್ನೂ ನಿಲ್ಲಿಸಿದ್ದೇನೆ. ಇದೇ ತೊಂದರೆ ಅನುಭವಿಸಿದವರು ದಯವಿಟ್ಟು ಹೇಳಿ.