ನ್ಯೂಟ್ರಲ್ ಕಳಚಿದರೆ ಏನಾಗುತ್ತದೆ? ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಇಂಜಿನಿಯರ್: ಈ ಗುಂಪಿನ ಎಲ್ಲರಿಗೂ ನಮಸ್ಕಾರ. ವಿದ್ಯುತ್ ವಿತರಣೆಯಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಟ್ರಾನ್ಸ್‌ಫಾರ್ಮರ್, ಮೋಟಾರ್, ಅರ್ಥಿಂಗ್, ವೈರಿಂಗ್ ಯಾವುದರ ಬಗ್ಗೆಯಾದರೂ ಕೇಳಿ. ಕರೆಂಟ್ ಇರುವಾಗ ಬೋರ್ಡ್ ಬಿಚ್ಚುವುದನ್ನು ಮಾತ್ರ ಯಾರಿಗೂ ಇಲ್ಲಿ ಹೇಳಿಕೊಡುವುದಿಲ್ಲ.

ವಿದ್ಯಾರ್ಥಿ: ಮೇಡಂ, ಮೋಟಾರಿನ ಮೇಲೆ ಕಿಲೋವ್ಯಾಟ್ ಅಂತ ಬರೆದಿರುತ್ತದೆ, ಟ್ರಾನ್ಸ್‌ಫಾರ್ಮರಿನ ಮೇಲೆ ಕೆವಿಎ ಅಂತ. ಯಾಕೆ?

ಇಂಜಿನಿಯರ್: ಟ್ರಾನ್ಸ್‌ಫಾರ್ಮರಿನ ಸುರುಳಿ ಕಾಯುವುದು ಕರೆಂಟಿನಿಂದ, ಒಳಗಿನ ಕಬ್ಬಿಣ ಕಾಯುವುದು ವೋಲ್ಟೇಜಿನಿಂದ. ಆ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸ ಮಾಡಿತು ಅನ್ನುವುದು ಅದಕ್ಕೆ ಬೇಕಿಲ್ಲ. ಅದಕ್ಕೇ ವೋಲ್ಟೇಜ್, ಕರೆಂಟ್ ಎರಡನ್ನೂ ಗುಣಿಸಿ ಕೆವಿಎ (ಕಿಲೋ ವೋಲ್ಟ್ ಆಂಪಿಯರ್) ಬರೆಯುತ್ತಾರೆ. ಕೆಲಸ ಮಾಡುವ ಆ ಪಾಲೇ ಪವರ್ ಫ್ಯಾಕ್ಟರ್. ಅದು 0.8 ಇರುವ ಲೋಡ್ ಆದರೆ 100 ಕೆವಿಎ ಟ್ರಾನ್ಸ್‌ಫಾರ್ಮರ್ 80 ಕಿಲೋವ್ಯಾಟ್‌ಗೇ ತುಂಬಿಹೋಗುತ್ತದೆ. ಮೋಟಾರಿನ ಮೇಲಿರುವ ಕಿಲೋವ್ಯಾಟ್ ಅದರ ಶಾಫ್ಟಿನಲ್ಲಿ ಸಿಗುವ ಕೆಲಸ.

ಬಿಲ್ ಕಟ್ಟುವವರು: ಸಾಕೆಟ್ಟಿಗೆ ಸಿಕ್ಕಿಸುವ ಪವರ್ ಸೇವರ್ ಹಾಕಿದರೆ ಬಿಲ್ ಅರ್ಧ ಆಗುತ್ತದಂತೆ. ಫಾರ್ವರ್ಡ್ ಬಂದಿದೆ. ನಿಜವೇ?

ಇಂಜಿನಿಯರ್: ಇಲ್ಲ. ಅದರೊಳಗೆ ಹೆಚ್ಚೆಂದರೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಮನೆ ಮೀಟರ್ ಎಣಿಸುವುದು ಕಿಲೋವ್ಯಾಟ್ ಅವರ್. ಕೆಪಾಸಿಟರಿನಿಂದ ಅದು ಇಳಿಯುವುದಿಲ್ಲ.

ತೋಟದ ಮನೆ: ಅರ್ಥ್ ಗುಂಡಿಗೆ ಉಪ್ಪುನೀರು ಸುರಿಯುತ್ತಾ ಇರಬೇಕೇ ಮೇಡಂ?

ಬಾಡಿಗೆದಾರರು: ಮೇಡಂ, ನಮ್ಮದು ತ್ರೀ ಫೇಸ್ ಕನೆಕ್ಷನ್. ಮೂರು ದಿನದಿಂದ ವಿಚಿತ್ರ ನಡೆಯುತ್ತಿದೆ. ನೀರಿನ ಹೀಟರ್ ಹಾಕಿದ ಕೂಡಲೇ ಮುಂದಿನ ಕೋಣೆಯ ಹಳೇ ಬಲ್ಬ್ ಕಣ್ಣು ಕುಕ್ಕುವಷ್ಟು ಉರಿಯುತ್ತದೆ. ಹೀಟರ್ ಇರುವ ಕಡೆಯ ಬಲ್ಬ್ ಮಂಕಾಗುತ್ತದೆ. ನಿನ್ನೆ ಟಿವಿ ಸುಟ್ಟುಹೋಯಿತು. ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಕಡಿಯುವ ಸ್ವಿಚ್) ಒಂದೂ ಬಿದ್ದಿಲ್ಲ. ಸ್ಟೆಬಿಲೈಸರ್ ಹಾಕಿಸಿದರೆ ಸಾಕಾ?

ಇಂಜಿನಿಯರ್: ಓದುವುದನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ಮೇನ್ ಆಫ್ ಮಾಡಿ ಬನ್ನಿ. ಆಮೇಲೆ ಮುಂದಿನದನ್ನು ಓದಿ.

ಇದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಳಚಿದ, ಅಥವಾ ಕಳಚುತ್ತಿರುವ ಲಕ್ಷಣ. ಒಂದು ಫೇಸಿಗೂ (ಕರೆಂಟ್ ತರುವ ತಂತಿಗೂ) ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಆದರೆ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ನ್ಯೂಟ್ರಲ್ ಗಟ್ಟಿಯಾಗಿ ಇರುವವರೆಗೆ ಪ್ರತಿಯೊಂದು ಫೇಸಿನ ಲೋಡ್ ತನ್ನ ಪಾಡಿಗೆ 230ರಲ್ಲಿ ಇರುತ್ತದೆ. ನ್ಯೂಟ್ರಲ್ ಕಳಚಿದರೆ ಎರಡು ಫೇಸಿನ ಲೋಡ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಸೇರಿ ಆ 400ನ್ನು ಹಂಚಿಕೊಳ್ಳುತ್ತವೆ. ಸಮಪಾಲು ಅಂದುಕೊಳ್ಳಬೇಡಿ. ಯಾವುದರ ರೆಸಿಸ್ಟೆನ್ಸ್ ಜಾಸ್ತಿಯೋ ಅದಕ್ಕೆ ಜಾಸ್ತಿ ವೋಲ್ಟೇಜ್.

ಲೆಕ್ಕ ನೋಡಿ. ಒಂದು ಫೇಸಿನಲ್ಲಿ 1000 ವ್ಯಾಟ್ ಹೀಟರ್, ಅದರ ರೆಸಿಸ್ಟೆನ್ಸ್ ಸುಮಾರು 53 ಓಂ. ಇನ್ನೊಂದರಲ್ಲಿ 100 ವ್ಯಾಟ್ ಬಲ್ಬ್, ಸುಮಾರು 530 ಓಂ. ಮೂರನೇ ಫೇಸಿನಲ್ಲಿ ಏನೂ ಇಲ್ಲ ಅಂದುಕೊಳ್ಳಿ. ಆಗ ಹೀಟರಿಗೆ ಸಿಗುವುದು 36 ವೋಲ್ಟ್, ಬಲ್ಬಿನ ಮೇಲೆ ಬೀಳುವುದು 364 ವೋಲ್ಟ್. ದೊಡ್ಡ ಲೋಡ್ ಸಪ್ಪಗಾಗುತ್ತದೆ, ಸಣ್ಣದು ಸುಡುತ್ತದೆ. ನಿಮ್ಮ ಟಿವಿ ಹೋದದ್ದು ಬಹುಶಃ ಹೀಗೇ.

ಎಂಸಿಬಿ ಬೀಳದಿರುವುದು ಧೈರ್ಯ ಪಡುವ ವಿಷಯ ಅಲ್ಲ. ಅದು ನೋಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇದ್ದರೂ ಅಷ್ಟೇ, ಸೋರಿಕೆ ಇಲ್ಲದಿದ್ದರೆ ಅದಕ್ಕೆ ಇದು ಗೊತ್ತಾಗುವುದೇ ಇಲ್ಲ. ಸ್ಟೆಬಿಲೈಸರ್ ಇದಕ್ಕೆ ಮದ್ದಲ್ಲ, ಅದೂ ಸುಡುತ್ತದೆ. ಕರೆಂಟ್ ಕೊಡುವವರಿಗೆ ಈಗಲೇ ದೂರು ಕೊಡಿ. ಕಂಬದಿಂದ ಮೀಟರ್‌ವರೆಗಿನ ನ್ಯೂಟ್ರಲ್ ಅವರು ನೋಡಬೇಕು, ಮೀಟರಿನಿಂದ ಈಚೆಗಿನದನ್ನು ಲೈಸೆನ್ಸ್ ಇರುವ ವೈರ್‌ಮನ್.

ಹಳಬರು: ಇಷ್ಟಕ್ಕೆಲ್ಲ ಹೆದರಿಸಬೇಡಿ. ನನ್ನ ಹತ್ತಿರ ವಿಡಿಯೋ ಇದೆ. ನ್ಯೂಟ್ರಲ್ ಹೋದಾಗ ಸಾಕೆಟ್ಟಿನಲ್ಲೇ ಅರ್ಥ್ ಪಿನ್ನಿಗೂ ನ್ಯೂಟ್ರಲ್‌ಗೂ ಒಂದು ತುಂಡು ವೈರ್ ಹಾಕಿದರೆ ಮುಗಿಯಿತು. ಎರಡು ನಿಮಿಷದ ಕೆಲಸ.

ಇಂಜಿನಿಯರ್: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಆ ವಿಡಿಯೋ ಇಲ್ಲಿ ಹಾಕಬೇಡಿ. ಅರ್ಥ್ ಪಿನ್ ಹೋಗುವುದು ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಲೋಹದ ಮೈಗೆ. ಅದಕ್ಕೆ ನ್ಯೂಟ್ರಲ್ ಕಟ್ಟಿ, ಆ ನ್ಯೂಟ್ರಲ್ ಹಿಂದೆ ಎಲ್ಲೋ ಕಳಚಿದ್ದರೆ, ಉರಿಯುತ್ತಿರುವ ಬಲ್ಬಿನ ಮೂಲಕ ಫೇಸ್ ನೇರ ಫ್ರಿಜ್ಜಿನ ಬಾಗಿಲಿಗೆ ಬರುತ್ತದೆ. ಬಾಗಿಲು ತೆಗೆಯುವುದು ಮನೆಯ ಮಗು.

ಹಳಬರು: ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲನ್ನು ಅರ್ಥ್ ಮಾಡಿಯೇ ಇರುತ್ತಾರೆ. ಎರಡೂ ಒಂದೇ ಅಲ್ವಾ?

ಇಂಜಿನಿಯರ್: ಅಲ್ಲಿ ಮಾಡುತ್ತಾರೆ. ಕೆಲವು ವ್ಯವಸ್ಥೆಗಳಲ್ಲಿ ಮೀಟರ್ ಹತ್ತಿರವೂ ನಿಯಮದ ಪ್ರಕಾರ ಸೇರಿಸುತ್ತಾರೆ. ಅಲ್ಲಿಂದ ಮುಂದೆ ಮನೆಯೊಳಗೆ ಎರಡೂ ಬೇರೆ ಬೇರೆಯಾಗಿಯೇ ಇರಬೇಕು. ಇನ್ನು, ಮನೆ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 10 ಓಂ ಅಂದುಕೊಳ್ಳಿ. ಫೇಸ್ ಪೂರ್ತಿ ಅರ್ಥಿಗೆ ತಾಗಿದರೂ 230 ಭಾಗಿಸು 10, ಅಂದರೆ 23 ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ ಅದಕ್ಕೆ ಕೂಡಲೇ ಬೀಳುವುದಿಲ್ಲ. ಅಷ್ಟೂ ಹೊತ್ತು ಫ್ರಿಜ್ಜಿನಂಥವುಗಳ ಲೋಹದ ಮೈಯೆಲ್ಲ ಕರೆಂಟ್ ಇರುತ್ತದೆ. ಇದಕ್ಕೇ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಬೇಕು ಅಂತ ಬಡಿದುಕೊಳ್ಳುವುದು. ಅಷ್ಟು ಸೋರಿದರೆ ಅದು 0.3 ಸೆಕೆಂಡಿನೊಳಗೆ ಕಡಿಯುತ್ತದೆ.

ಹಳಬರು: ಆ ವೈರ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಅದನ್ನು ತೆಗೆದುಬಿಡಿ ಅಂತ ವಿಡಿಯೋದಲ್ಲೇ ಹೇಳಿದ್ದಾರೆ.

ಮರಗೆಲಸದವರು: ಬೀಳುತ್ತಿದೆ ಅಂದರೆ ಅದು ಬೇಡ ಅನ್ನುತ್ತಿದೆ ಅಂತಲ್ವೇನ್ರೀ? ನನ್ನ ತಮ್ಮನಿಗೆ ಹೀಗೇ ತಂತಿ ಕಟ್ಟಿದ ಮೆಷಿನ್ನಿನಲ್ಲಿ ಶಾಕ್ ಹೊಡೆದು ಆರು ತಿಂಗಳು ಬಲಗೈ ಎತ್ತಲಾಗಲಿಲ್ಲ. ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡಿ.

ಹಳಬರು: ನೀವು ಮರಗೆಲಸ ನೋಡಿಕೊಳ್ಳಿ. ನಾನು 30 ವರ್ಷದಿಂದ ವೈರಿಂಗ್ ನೋಡಿದವನು.

ಮರಗೆಲಸದವರು: 30 ವರ್ಷ ನೋಡಿ ಇದನ್ನೇ ಕಲಿತಿರಾ?

ಬಿಲ್ ಕಟ್ಟುವವರು: ಜಗಳ ಬಿಡಿ. ಮೇಡಂ, ಎರಡು ಪವರ್ ಸೇವರ್ ಹಾಕಿದರೆ?

ಇಂಜಿನಿಯರ್: ಹತ್ತು ಹಾಕಿದರೂ ಇಲ್ಲ.

ಛಾವಣಿ ಸೋಲಾರ್: ನನ್ನ ಪ್ರಶ್ನೆ ಇನ್ವರ್ಟರ್ ಅರ್ಥಿಂಗ್ ಬಗ್ಗೆ. ಡಿಸಿ ಕಡೆಗೆ ಬೇರೆ ಅರ್ಥ್ ಬೇಕೇ?

ಮರಗೆಲಸದವರು: ಮೇಡಂ, ನನ್ನದೂ ಒಂದಿದೆ. ತ್ರೀ ಫೇಸ್ ಮೋಟಾರ್ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಬೆಲ್ಟನ್ನು ಕೈಯಲ್ಲಿ ಎಳೆದುಕೊಟ್ಟರೆ ಓಡುತ್ತದೆ.

ಇಂಜಿನಿಯರ್: ಕೈ ಹಾಕಬೇಡಿ, ಬೆರಳು ಹೋಗುತ್ತದೆ. ಒಂದು ಫೇಸ್ ಬರುತ್ತಿಲ್ಲ. ಮೂರೂ ಫೇಸ್ ಇದ್ದರೆ ಮಾತ್ರ ಒಳಗೆ ತಿರುಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಎರಡೇ ಇದ್ದಾಗ ಅದು ತಾನಾಗಿ ಹೊರಡಲಾರದು, ಆದರೆ ಕರೆಂಟ್ ಮಾತ್ರ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ಎಳೆದು ಓಡಿಸಿದರೂ ಉಳಿದ ಎರಡು ಫೇಸಿನ ಮೇಲೆ ಪೂರ್ತಿ ಭಾರ. ವೈಂಡಿಂಗ್ ಸುಡುತ್ತದೆ. ಫ್ಯೂಸ್, ಕಾಂಟ್ಯಾಕ್ಟರ್, ಟರ್ಮಿನಲ್ ನೋಡಿಸಿ. ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಇದೆಯಾ?

ಮರಗೆಲಸದವರು: ಇತ್ತು. ಪದೇ ಪದೇ ಬೀಳುತ್ತೆ ಅಂತ ಅದನ್ನು ತೆಗೆಸಿ ನೇರ ಮಾಡಿಸಿದ್ದೆ.

ಇಂಜಿನಿಯರ್: ಈಗ ಹಳಬರಿಗೆ ನೀವು ಹೇಳಿದ ಮಾತನ್ನೇ ಇನ್ನೊಮ್ಮೆ ಓದಿ. ರಿಲೇ ವಾಪಸ್ ಹಾಕಿಸಿ.

ಹಳಬರು: ನೋಡಿದಿರಾ! ನನಗೆ ಪಾಠ ಹೇಳಲು ಬಂದವರು.

ಮರಗೆಲಸದವರು: ತಪ್ಪು ಒಪ್ಪಿಕೊಂಡೆ. ನೀವೂ ಒಪ್ಪಿಕೊಳ್ಳಿ.

ಹಳಬರು: ಒಪ್ಪುವುದಿಲ್ಲ. ಈ ವಿಡಿಯೋ ಲಕ್ಷ ಜನ ನೋಡಿದ್ದಾರೆ.

ಇಂಜಿನಿಯರ್: ಲಕ್ಷ ಜನ ನೋಡಿದ ಮಾತ್ರಕ್ಕೆ ವೋಲ್ಟೇಜ್ ಕಮ್ಮಿಯಾಗುವುದಿಲ್ಲ. ಇನ್ನೊಮ್ಮೆ ಆ ತಂತಿಯ ಮಾತು ಬಂದರೆ ಸಂದೇಶ ಅಳಿಸಲು ಗುಂಪಿನ ನಿರ್ವಾಹಕರಿಗೆ ಹೇಳುತ್ತೇನೆ. ಬಾಡಿಗೆದಾರರೇ, ಮೇನ್ ಆಫ್ ಮಾಡಿದಿರಾ? ಉತ್ತರ ಕೊಡಿ.

ಹೊಸ ಸದಸ್ಯರು: ನಮಸ್ತೆ, ಪವರ್ ಸೇವರ್ ಬಗ್ಗೆ ಯಾರಾದರೂ ಹೇಳುತ್ತೀರಾ?

ಇಂಜಿನಿಯರ್: ಮೇಲೆ ಇದೆ. ಬಾಡಿಗೆದಾರರೇ?

ಬಾಡಿಗೆದಾರರು: ಕ್ಷಮಿಸಿ ಮೇಡಂ, ಮೇನ್ ಆಫ್ ಮಾಡಿ ದೂರು ಕೊಟ್ಟೆ. ಲೈನ್‌ಮನ್ ಈಗ ಬಂದಿದ್ದರು. ಮೀಟರಿಗೆ ಬರುವ ನ್ಯೂಟ್ರಲ್ ಲಗ್ (ವೈರಿನ ತುದಿಗೆ ಒತ್ತುವ ಲೋಹದ ತುಣುಕು) ಕರಕಲಾಗಿದೆ. ಬೆರಳಷ್ಟು ಉದ್ದ ವೈರ್ ಸುಟ್ಟು ಕಪ್ಪಾಗಿದೆ. ಸ್ಕ್ರೂ ಬಿಗಿ ಮಾಡಿ ಹೋಗುತ್ತೇನೆ ಅನ್ನುತ್ತಿದ್ದಾರೆ.

ಇಂಜಿನಿಯರ್: ಬಿಗಿ ಮಾಡಿದರೆ ಸಾಲದು, ಬಿಡಬೇಡಿ. ಸುಟ್ಟ ಲೋಹ ಮತ್ತೆ ಕಾಯುತ್ತದೆ, ಮತ್ತೆ ಸಡಿಲವಾಗುತ್ತದೆ. ಕಪ್ಪಾದಷ್ಟನ್ನು ಕತ್ತರಿಸಿ, ಹೊಳೆಯುವ ತಾಮ್ರದ ಮೇಲೆ ಹೊಸ ಲಗ್ ಒತ್ತಬೇಕು. ಟರ್ಮಿನಲ್ಲೂ ಸುಟ್ಟಿದ್ದರೆ ಅದನ್ನೂ ಬದಲಿಸಬೇಕು. ಆಮೇಲೆ ಟಿವಿ, ಫ್ರಿಜ್ ಎಲ್ಲ ಕಿತ್ತಿಟ್ಟು, ಮೂರೂ ಫೇಸಿನ ವೋಲ್ಟೇಜ್ ಅವರ ಕೈಯಲ್ಲೇ ಅಳೆಯಿಸಿ. ಹೀಟರ್ ಹಾಕಿ ಇನ್ನೊಮ್ಮೆ ಅಳೆಯಿಸಿ.

ಬಾಡಿಗೆದಾರರು: ಹೊಸ ಲಗ್ ಹಾಕಿದರು. 231, 229, 232. ಹೀಟರ್ ಹಾಕಿದಾಗ ಮೊದಲನೆಯದು 226ಕ್ಕೆ ಇಳಿಯಿತು. ಉಳಿದೆರಡು ಹೆಚ್ಚುಕಮ್ಮಿ ಅಲ್ಲೇ ಇವೆ.

ಇಂಜಿನಿಯರ್: ಸರಿಯಾಗಿದೆ. ಒಂದೊಂದಾಗಿ ಸಿಕ್ಕಿಸಿ. ಫ್ರಿಜ್ ಮೂರು ದಿನ ಹೆಚ್ಚು ವೋಲ್ಟೇಜ್ ತಿಂದಿರಬಹುದು, ಅದನ್ನು ತೋರಿಸಿದ ಮೇಲೆಯೇ ಹಾಕಿ. ಒಂದು ವಾರ ಬಿಟ್ಟು ಆ ಲಗ್ ಬಿಸಿಯಾಗುತ್ತಿದೆಯೇ ಅಂತ ವೈರ್‌ಮನ್ ಕೈಯಲ್ಲಿ ನೋಡಿಸಿ, ಇಲ್ಲಿ ಬರೆಯಿರಿ.