ಜೇನುಪೆಟ್ಟಿಗೆಗೆ ಬಂದ ತಲೆಬುರುಡೆ ಪತಂಗ

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ನಾಲ್ಕು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇವೆ. ನಿನ್ನೆ ರಾತ್ರಿ ಒಂದರ ಬಾಗಿಲಲ್ಲಿ ಅಂಗೈ ಅಗಲದ ಪತಂಗ ಕೂತಿತ್ತು. ಬೆನ್ನ ಮೇಲೆ ತಲೆಬುರುಡೆಯ ಗುರುತು. ಮುಟ್ಟಿದರೆ ಇಲಿ ಥರ ಕೀಚ್ ಅಂತು! ಅಮ್ಮ ಅಪಶಕುನ ಅಂತ ಹೆದರಿದ್ದಾರೆ. ಫೋಟೋ ಹಾಕಿದ್ದೇನೆ. ಇದು ಮೇಣದ ಪತಂಗವಾ? ಕೊಲ್ಲಬೇಕಾ?

ಉತ್ತರ: ದಯವಿಟ್ಟು ಕೊಲ್ಲಬೇಡಿ. ಮೇಣದ ಪತಂಗ ಬೂದು ಬಣ್ಣದ ಪುಟ್ಟ ಹುಳ, ಅದರ ಮರಿ ಎರಿಯನ್ನೇ ತಿಂದು ಹಾಳು ಮಾಡುತ್ತದೆ. ಇದು ಬೇರೆ. ಇದರ ಕುಲ ಅಕೆರೋಂಟಿಯಾ, ಕುಟುಂಬ ಸ್ಫಿಂಜಿಡೇ, ಅಂದರೆ ಹಾಕ್ ಮಾತ್‌ಗಳ ಗುಂಪು. ಈ ಕುಲಕ್ಕೆ 1809ರಲ್ಲಿ ಹೆಸರಿಟ್ಟವರು ಲಾಸ್ಪೈರೆಸ್. ಗ್ರೀಕರ ಪುರಾಣದಲ್ಲಿ ಸತ್ತವರ ಲೋಕದ ನದಿ ಅಕೆರಾನ್, ಹೆಸರು ಅದರಿಂದ ಬಂತು. ಬುರುಡೆ ನೋಡಿ ಹೆದರಿದ್ದು ನಿಮ್ಮಮ್ಮ ಒಬ್ಬರೇ ಅಲ್ಲ!

ಕುಲದಲ್ಲಿರುವುದು ಮೂರೇ ಜಾತಿ. ಅಟ್ರೊಪೋಸ್ ಯುರೋಪ್, ಆಫ್ರಿಕಾ ಕಡೆಯದು. ಸ್ಟಿಕ್ಸ್ ಮತ್ತು ಲ್ಯಾಕೆಸಿಸ್ ನಮ್ಮಲ್ಲಿವೆ. ಗುರುತು ಹಿಡಿಯಲು ಬುರುಡೆ ನೋಡಬೇಡಿ, ಹಿಂದಿನ ರೆಕ್ಕೆ ನೋಡಿ. ಹಳದಿ ಮೇಲೆ ಎರಡು ಕಪ್ಪು ಪಟ್ಟೆ ಇದ್ದರೆ ಸ್ಟಿಕ್ಸ್. ರೆಕ್ಕೆಯ ಬುಡದಲ್ಲೇ ದೊಡ್ಡ ಕಪ್ಪು ಮಚ್ಚೆ ಇದ್ದರೆ ಲ್ಯಾಕೆಸಿಸ್. ನಿಮ್ಮ ಫೋಟೋದಲ್ಲಿ ಆ ಮಚ್ಚೆ ಚೆನ್ನಾಗಿ ಕಾಣುತ್ತಿದೆ.

ನನಗೆ ತುಂಬ ಇಷ್ಟವಾಗುವುದು ಇದರ ಸೊಂಡಿಲು. ಹೂವಿನ ರಸ ಹೀರುವ ಬೇರೆ ಹಾಕ್ ಮಾತ್‌ಗಳಿಗೆ ದಾರದಷ್ಟು ತೆಳುವಾದ, ಮೈಗಿಂತಲೂ ಉದ್ದದ ಸೊಂಡಿಲು ಇರುವುದುಂಟು. ಇದಕ್ಕೆ ಗಿಡ್ಡ, ದಪ್ಪ, ಚೂಪು ತುದಿಯದು. ಮುಚ್ಚಿದ ಮೇಣದ ಕೋಣೆಯನ್ನು ಚುಚ್ಚಿ ಜೇನು ಹೀರುವುದಕ್ಕೇ ಹೇಳಿ ಮಾಡಿಸಿದ ಹಾಗಿದೆ. ಕೀಚ್ ಅನ್ನುವುದೂ ಬಾಯಿಂದಲೇ. ಗಂಟಲೊಳಗೆ ಗಾಳಿ ಎಳೆದು ಬಿಡುವಾಗ ಆ ಸದ್ದು ಬರುತ್ತದೆ. ಅಟ್ರೊಪೋಸ್ ಮೈಮೇಲೆ ಜೇನುನೊಣದಂಥದೇ ವಾಸನೆ ಇರುತ್ತದೆ, ಹಾಗಾಗಿ ನೊಣಗಳು ಸುಲಭಕ್ಕೆ ಗುರುತು ಹಿಡಿಯುವುದಿಲ್ಲ.

ಪ್ರಶ್ನೆ: ಮರಿಗಳು ಎಲ್ಲಿರುತ್ತವೆ ಸರ್? ಪೆಟ್ಟಿಗೆಯೊಳಗಾ?

ಉತ್ತರ: ಇಲ್ಲ ಇಲ್ಲ. ಮರಿ ಎಲೆ ತಿನ್ನುತ್ತದೆ. ಬದನೆ, ಎಳ್ಳು, ಲಂಟಾನ ಗಿಡಗಳಲ್ಲಿ ಹುಡುಕಿ. ಬೆರಳಿನಷ್ಟು ದಪ್ಪ, ಪಕ್ಕದಲ್ಲಿ ಓರೆ ಗೆರೆಗಳು, ಬಾಲದಲ್ಲೊಂದು ಕೊಂಬು. ಆ ಕೊಂಬು ಚುಚ್ಚುವುದಿಲ್ಲ. ಬೆಳೆದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ.

ಪ್ರಶ್ನೆ: ಪೆಟ್ಟಿಗೆಗೆ ಬರದ ಹಾಗೆ ಏನು ಮಾಡಲಿ?

ಉತ್ತರ: ಬಾಗಿಲಿನ ಎತ್ತರ 8 ಮಿ.ಮೀ. ಇರುವಂತೆ ಒಂದು ಪಟ್ಟಿ ಹೊಡೆಯಿರಿ. ನೊಣ ಆರಾಮಾಗಿ ಓಡಾಡುತ್ತದೆ, ಇದರ ದಪ್ಪ ಮೈ ಒಳಗೆ ಹೋಗುವುದಿಲ್ಲ. ಅಮ್ಮನಿಗೂ ಒಮ್ಮೆ ಟಾರ್ಚ್ ಹಿಡಿದು ಹತ್ತಿರದಿಂದ ತೋರಿಸಿ. ಆ ಬುರುಡೆ ಬರೀ ನವಿರು ಹುರುಪೆ ಮತ್ತು ಕೂದಲಿನ ಬಣ್ಣ.